ಸುಂಕದವರ ಗೋದಾಮಿನಿಂದ ಲಿಲಾವಿನ ಕಟ್ಟೆಗೆ

'ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡಂಗ' ಎಂಬ ಗಾದೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಸುಂಕವೆಂಬ ಶಬ್ದ ತೆಲುಗಿನಲ್ಲಿಯೂ ಅದೇ, 'ಸುಂಕಂ'. ಮರಾಠಿಯವರು ಅದಕ್ಕೆ ಜಕಾತಿ ಎನ್ನುತ್ತಾರೆ. ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜದ ಪೇಟೆಯಲ್ಲಿ ಈ ಮೂರೂ ಶಬ್ದ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಿಬರುತ್ತವೆ. ಅದೇ ಕಟ್ಟೆಯ ಮೇಲೆ ಇನ್ನೊಂದು ಮಾತೂ ಕೇಳುತ್ತದೆ: "ಕಸ್ಟಮ್ಸ್ ಮಾಲ್ ಐತ್ರೀ, ಅಗದೀ ಸೋವಿ." ಹಿಡಿದ ಮಾಲು ಸರಕಾರದವರ ಕೈಯಿಂದ ಹೇಗೆ ಹೊರಗೆ ಬರುತ್ತದೆ, ಯಾರಿಗೆ ಸಿಗುತ್ತದೆ ಎಂದು ಕೇಳಿದರೆ ಮಾತ್ರ ಹತ್ತು ಜನ ಹತ್ತು ತರಹ ಹೇಳುತ್ತಾರೆ.

ನಮಗೆ ಸಮುದ್ರವಿಲ್ಲ, ಬಂದರಿಲ್ಲ, ಕಸ್ಟಮ್ಸಿನ ಉಸಾಬರಿ ನಮಗೇಕೆ ಎನ್ನುವವರಿದ್ದಾರೆ. ಆದರೆ ಘಟ್ಟ ಇಳಿದರೆ ಕೊಂಕಣ. ಸಂಕೇಶ್ವರದಿಂದ ಗಡಹಿಂಗ್ಲಜ, ಆಜರೆ ದಾಟಿ ಆಂಬೋಲಿ ಇಳಿದರೆ ಗೋವೆಯ ದಾರಿ. ಕೊಲ್ಲಾಪುರದ ಗುಜರಿಯಲ್ಲಿ ಬಂಗಾರದ ಪೇಟೆ, ಇಚಲಕರಂಜಿಯ ಪಕ್ಕದ ಹುಪರಿಯಲ್ಲಿ ಮನೆಮನೆಗೂ ಬೆಳ್ಳಿಯ ಕೆಲಸ. 1963ರಲ್ಲಿ ಬಂದ ಬಂಗಾರ ನಿಯಂತ್ರಣದ ನಿಯಮ, ಆಮೇಲೆ 1968ರ ಕಾಯ್ದೆ, ಇವು ಪತ್ತಾರರನ್ನು ಎಷ್ಟು ಕಾಡಿದವೆಂಬುದನ್ನು ಹಳಬರು ಇನ್ನೂ ಹೇಳುತ್ತಾರೆ. ಆ ಕಾಯ್ದೆ 1990ರಲ್ಲಿ ರದ್ದಾಯಿತು, ಅಂಜಿಕೆ ಮಾತ್ರ ಉಳಿಯಿತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಅಧಿಕಾರಿ ಮಾಲು ಹಿಡಿದ ಕೂಡಲೇ ಅದು ಸರಕಾರದ್ದಾಗುವುದಿಲ್ಲ. ಹಿಡಿಯುವುದು ಜಪ್ತಿ. ಮುಟ್ಟುಗೋಲು ಬೇರೆ. 1962ರ ಕಸ್ಟಮ್ಸ್ ಕಾಯ್ದೆಯ 110ನೇ ಕಲಮಿನಂತೆ ಜಪ್ತಿಯಾದ ಮೇಲೆ ಆರು ತಿಂಗಳೊಳಗೆ ಮಾಲಕನಿಗೆ ಕಾರಣ ಕೇಳುವ ನೋಟೀಸು ಬರಬೇಕು. ಕಮಿಷನರು ಕಾರಣ ಬರೆದಿಟ್ಟು ಇನ್ನಾರು ತಿಂಗಳು ಮುಂದೂಡಬಹುದು. ಅಷ್ಟರಲ್ಲೂ ನೋಟೀಸು ಬರದಿದ್ದರೆ ಯಾರಿಂದ ಹಿಡಿದಿದ್ದರೋ ಅವರಿಗೆ ಮಾಲು ಮರಳಿಸಬೇಕು. ನಡುವೆ ಬಾಂಡು, ಜಾಮೀನು ಕೊಟ್ಟು ತಾತ್ಪೂರ್ತಿಕ ಬಿಡಿಸಿಕೊಳ್ಳಲಿಕ್ಕೂ ದಾರಿಯುಂಟು. ಪಂಚನಾಮೆಯ ಪ್ರತಿ ಕೇಳಿ ಇಟ್ಟುಕೊಳ್ಳದವನಿಗೆ ಇವಾವುವೂ ಉಪಯೋಗಕ್ಕೆ ಬರುವುದಿಲ್ಲ. ನಮ್ಮವರು ಸಹಿ ಮಾಡಿ ಕೈಮುಗಿದು ಬರುತ್ತಾರೆ, ಕಾಗದ ಅಲ್ಲೇ ಉಳಿಯುತ್ತದೆ.

ವಿಚಾರಣೆ ಆಗಿ ಮುಟ್ಟುಗೋಲಿನ ಹುಕುಮು ಹೊರಟ ಮೇಲೆಯೇ ಮಾಲು ಕೇಂದ್ರ ಸರಕಾರದ್ದಾಗುವುದು. ಆಗಲೂ 125ನೇ ಕಲಮಿನಲ್ಲಿ ಒಂದು ಕಿಂಡಿ ಇದೆ. ನಿಷೇಧಿತ ಮಾಲಲ್ಲದಿದ್ದರೆ, ಮುಟ್ಟುಗೋಲಿಗೆ ಬದಲಾಗಿ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶವನ್ನು ಅಧಿಕಾರಿ ಕೊಡಲೇಬೇಕು. ನಿಷೇಧಿತವಾಗಿದ್ದರೆ ಕೊಡುವುದು, ಬಿಡುವುದು ಅವರ ವಿವೇಚನೆ. ದಂಡ ಕಟ್ಟಲು 120 ದಿನ. ಅಪೀಲು ಹೋಗುವವರಿಗೆ 60 ದಿನ. ಗಾಡಿಯದ್ದು ಬೇರೆ ಲೆಕ್ಕ. ಮಾಲಕನಿಗೆ, ಅವನ ಏಜಂಟನಿಗೆ, ಡ್ರೈವರನಿಗೆ ಮೂವರಿಗೂ ಗೊತ್ತಿಲ್ಲದೆ ಕಳ್ಳಮಾಲು ಹೇರಿದ್ದರೆಂದು ತೋರಿಸಿಕೊಟ್ಟರೆ ಗಾಡಿ ಉಳಿಯುತ್ತದೆ. ಡ್ರೈವರನಿಗೆ ಗೊತ್ತಿದ್ದು ಮಾಲಕನಿಗೆ ಗೊತ್ತಿಲ್ಲ ಅಂದರೆ ನಡೆಯುವುದಿಲ್ಲ. ಬಂಗಾರ, ಕೈಗಡಿಯಾರಗಳ ವಿಷಯದಲ್ಲಿ ಇದು ಕಳ್ಳಮಾಲಲ್ಲ ಎಂದು ಸಿದ್ಧಪಡಿಸುವ ಹೊರೆ ಹಿಡಿಸಿಕೊಂಡವನ ಮೇಲೆಯೇ ಬೀಳುತ್ತದೆ. ಪಾವತಿ ಇಲ್ಲದೆ ಬಂಗಾರ ಒಯ್ಯುವ ನಮ್ಮ ರೂಢಿಗೆ ಇದು ದೊಡ್ಡ ಗಂಡಾಂತರ.

ಇಚಲಕರಂಜಿಯಲ್ಲಿ ನನಗೆ ಗೊತ್ತಿದ್ದ ಒಂದು ನೇಕಾರ ಮನೆ ಇದೆ. ಮನೆಮಾತು ತೆಲುಗು, ವ್ಯವಹಾರ ಮರಾಠಿ, ಬೀಗರೆಲ್ಲ ಕನ್ನಡದವರು. ನಾನು ತೆಲುಗಿನಲ್ಲಿ ಮಾತಾಡಿಸಿದ್ದಕ್ಕೆ ಮನೆಯ ಹಿರಿಯರು ಚಹಾ ಕುಡಿಸಿ ತಮ್ಮ ಕಥೆ ಬಿಚ್ಚಿದರು. ಹಳೇ ಮಗ್ಗ ಮಾರಿ, ಪರದೇಶದಿಂದ ಬಳಸಿದ ರೇಪಿಯರ್ ಮಗ್ಗ ತರಿಸಿದ್ದರಂತೆ. ಮಾಲು ನ್ಹಾವಾ ಶೇವಾ ಬಂದರಿನಲ್ಲಿ ಇಳಿಯಿತು. ಬೆಲೆಯ ಬಗ್ಗೆ ತಕರಾರು ಬಿತ್ತು. ಇವರ ಹತ್ತಿರ ಸುಂಕ ಕಟ್ಟಲು ರೊಕ್ಕ ಸಾಲದೆ ದಿನ ಹೋದವು. "ಕಳ್ಳತನ ಮಾಡಿಲ್ಲಪ್ಪಾ, ಹಂಗಿದ್ರೂ ಲಿಲಾವಿನ ನೋಟೀಸ ಬಂತು" ಎಂದರು ಹಿರಿಯರು.

ಇದು ಮುಟ್ಟುಗೋಲಲ್ಲ, 48ನೇ ಕಲಮಿನ ಬಾಬು. ಇಳಿಸಿದ ಮಾಲನ್ನು 30 ದಿನದೊಳಗೆ ಬಿಡಿಸಿಕೊಳ್ಳದಿದ್ದರೆ, ಅದನ್ನು ಕಾಯುವ ಗೋದಾಮಿನವರು ತರಿಸಿದವನಿಗೆ ನೋಟೀಸು ಕೊಟ್ಟು, ಕಸ್ಟಮ್ಸಿನ ಅನುಮತಿ ಪಡೆದು ಮಾರಬಹುದು. ಕೆಡುವಂಥ ಮಾಲು, ಜೀವಂತ ಪ್ರಾಣಿಗಳಾದರೆ 30 ದಿನವನ್ನೂ ಕಾಯಬೇಕಿಲ್ಲ. ಮಾರಿ ಬಂದ ಹಣ ಹಂಚುವ ಸರದಿಯನ್ನು 150ನೇ ಕಲಮು ಹೇಳುತ್ತದೆ. ಮೊದಲು ಲಿಲಾವಿನ ಖರ್ಚು, ಆಮೇಲೆ ಹಡಗಿನ ಬಾಡಿಗೆ, ಆಮೇಲೆ ಸುಂಕ, ಆಮೇಲೆ ಗೋದಾಮಿನವರ ಬಾಕಿ, ಸರಕಾರಕ್ಕೆ ಬೇರೆ ಏನಾದರೂ ಬರಬೇಕಿದ್ದರೆ ಅದೂ. ಉಳಿದದ್ದು ಮಾಲಕನಿಗೆ. ಮಾರಿದ ಆರು ತಿಂಗಳೊಳಗೆ ಆ ಉಳಿಕೆ ಮಾಲಕನಿಗೆ ಮುಟ್ಟಿಸಲಾಗದಿದ್ದರೆ ಕೇಂದ್ರ ಸರಕಾರಕ್ಕೆ ಜಮಾ. ಹಿರಿಯರು ಕಡೆಗೆ ಬ್ಯಾಂಕು, ಬೀಗರು ಎಲ್ಲರ ಹತ್ತಿರ ಕೈಯೊಡ್ಡಿ, ಲಿಲಾವಿಗೆ ಮೊದಲೇ ಮಗ್ಗ ಬಿಡಿಸಿಕೊಂಡರು. ಗೋದಾಮಿನ ದಿನಬಾಡಿಗೆಯೇ ಒಂದು ಮಗ್ಗದ ಬೆಲೆಯಷ್ಟಾಯಿತಂತೆ. ಬಿಡಿಸಿಕೊಳ್ಳದೆ ಬಿಟ್ಟಿದ್ದರೆ ಅವರ ಪಾಲಿಗೆ ಉಳಿಕೆ ಎಂಬುದು ಕಾಗದದ ಮೇಲೆ ಮಾತ್ರ ಇರುತ್ತಿತ್ತೆಂದು ನನ್ನ ಎಣಿಕೆ.

ಇನ್ನು ಲಿಲಾವಿನ ಸಂಗತಿ. ಹಿಂದೆ ಕಟ್ಟೆಯ ಮೇಲೆ ನಿಂತು ಸವಾಲು ಕೂಗುತ್ತಿದ್ದರು, ದಲಾಲರು ಒಳಗಿಂದೊಳಗೆ ಕೂಟ ಮಾಡಿಕೊಂಡು ಬೆಲೆ ಏರಗೊಡುತ್ತಿರಲಿಲ್ಲ. ಈಗ ಬಹುತೇಕ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಕೇಂದ್ರ ಸರಕಾರದ ಎಂ.ಎಸ್.ಟಿ.ಸಿ. ಕಂಪನಿ ಇದನ್ನು ನಡೆಸಿಕೊಡುತ್ತದೆ. 1964ರಲ್ಲಿ ಮೋಡಕಾ ಲೋಹದ ವ್ಯಾಪಾರಕ್ಕೆಂದು ಹುಟ್ಟಿದ ಕಂಪನಿ ಅದು. ಮೊದಲು ಹೆಸರು ನೋಂದಾಯಿಸಬೇಕು, ಇಸಾರೆ ಹಣ ಇಡಬೇಕು, ಗೊತ್ತುಪಡಿಸಿದ ದಿನ ಹೋಗಿ ಮಾಲು ನೋಡಬೇಕು. ಕನಿಷ್ಠ ಬೆಲೆಯನ್ನು ಅಧಿಕಾರಿಗಳ ಸಮಿತಿ ಕಟ್ಟುತ್ತದೆ. ಮಾಲು ಇದ್ದಲ್ಲಿ ಇದ್ದಂತೆ ಕೊಡುವುದು, ಆಮೇಲೆ ಬೇರಿಂಗು ಹೋಗಿದೆ, ತುಕ್ಕು ಹಿಡಿದಿದೆ ಎಂದರೆ ಕೇಳುವವರಿಲ್ಲ. ಬೆಲೆಯ ಮೇಲೆ ತೆರಿಗೆ ಬೇರೆ. ಎಷ್ಟೋ ಸಲ ಒಂದೊಂದು ಸರಕಲ್ಲ, ಇಡೀ ಗಂಟೇ ಕೊಳ್ಳಬೇಕು. ಒಂದು ಗಡಿಯಾರ, ಒಂದು ಮೊಬೈಲು ಕೊಳ್ಳಲು ಹೋಗುವವನಿಗೆ ಅದು ಜಾಗವಲ್ಲ.

ಎಲ್ಲ ಮಾಲೂ ಲಿಲಾವಿಗೆ ಬರುವುದಿಲ್ಲ. ಬಂಗಾರ ಸಾಮಾನ್ಯವಾಗಿ ಸರಕಾರದ ಟಂಕಸಾಲೆಗೆ ಹೋಗುತ್ತದೆ. ಪರದೇಶಿ ಸಿಗರೇಟು, ಮಾದಕ ಪದಾರ್ಥ ಸುಟ್ಟು ಹಾಕುತ್ತಾರೆ. ತಿನ್ನುವ ವಸ್ತು ತಿನ್ನಲು ಯೋಗ್ಯವೆಂದು ಪರೀಕ್ಷೆಯಾಗದೆ ಮಾರುವಂತಿಲ್ಲ. ಅಡಿಕೆ ಬೆಳೆಗಾರರಿಗೆ ಇದು ಸಣ್ಣ ಮಾತಲ್ಲ. ಹೊರದೇಶದ ಅಡಿಕೆ ಅಗ್ಗಕ್ಕೆ ಬರದಿರಲೆಂದು ಸರಕಾರ ಕನಿಷ್ಠ ಆಮದು ಬೆಲೆಯನ್ನು 2023ರಲ್ಲಿ ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಕದ್ದು ತಂದು ಸಿಕ್ಕಿಬಿದ್ದ ಅಡಿಕೆ ಲಿಲಾವಿನಲ್ಲಿ ಕಡಿಮೆ ಬೆಲೆಗೆ ಹೋಗಿ ಮತ್ತೆ ನಮ್ಮ ಪೇಟೆಗೇ ಬಂದರೆ ಆ ಏರಿಕೆಯಿಂದ ರೈತನಿಗೇನು ಬಂತು?

ನಮ್ಮ ನೆರೆಯ ರತ್ನಾಗಿರಿ ಜಿಲ್ಲೆಯ ಮುಂಬ್ಕೆ ಗ್ರಾಮದ ಲಿಲಾವು ಎಲ್ಲರೂ ಕೇಳಿದ್ದೇ. ಅದು ಕಸ್ಟಮ್ಸ್ ಕಾಯ್ದೆಯದಲ್ಲ, ಕಳ್ಳಸಾಗಣೆದಾರರ ಆಸ್ತಿ ಕಸಿದುಕೊಳ್ಳುವ 1976ರ ಕಾಯ್ದೆಯದು. ದಾವೂದ್ ಇಬ್ರಾಹಿಂನ ಮನೆತನದ ಆಸ್ತಿಗಳು ಅಲ್ಲಿ 2020ರ ನವೆಂಬರಿನಲ್ಲಿ ಲಿಲಾವಾದವು. 2024ರ ಜನವರಿ 5ರಂದು ಮತ್ತೆ ನಾಲ್ಕು ಜಮೀನು ಇಟ್ಟರು. ಎರಡಕ್ಕೆ ಯಾರೂ ಕೈ ಎತ್ತಲಿಲ್ಲ. ಸುಮಾರು 171 ಚದರ ಮೀಟರಿನ ತುಂಡಿಗೆ ಕನಿಷ್ಠ ಬೆಲೆ 15,440 ರೂಪಾಯಿ ಇತ್ತು, ಸವಾಲು 2.01 ಕೋಟಿಗೆ ಏರಿತು. ಒಕ್ಕಲುತನ ಮಾಡುವವನು ಆ ಬೆಲೆಗೆ ಭೂಮಿ ಕೊಳ್ಳಲಾರ.

ನಮ್ಮ ರಸ್ತೆಯ ಮೇಲೆ ದಿನಾ ಎದುರಾಗುವುದು ಕಸ್ಟಮ್ಸಿಗಿಂತ ಜಿ.ಎಸ್.ಟಿ.ಯವರು. 2017ರ ಜುಲೈ 1ರ ನಂತರ ವಿಕ್ರಿತೆರಿಗೆಯ ನಾಕೆಗಳು ಹೋದವು, ಹಿಡಿಯುವುದು ಹೋಗಲಿಲ್ಲ. 10 ಲಕ್ಷ ರೂಪಾಯಿಯ ಅರಿವೆ ಇಚಲಕರಂಜಿಯಿಂದ ಇ-ವೇ ಬಿಲ್ಲಿಲ್ಲದೆ ಹೊರಟು ಸಿಕ್ಕಿತೆನ್ನಿ. ಶೇಕಡಾ 5ರಂತೆ ತೆರಿಗೆ 50 ಸಾವಿರ. ಮಾಲಕ ಮುಂದೆ ಬಂದರೆ ದಂಡ ಅದರ ಎರಡು ಪಟ್ಟು, ಅಂದರೆ 1 ಲಕ್ಷ. ಮುಂದೆ ಬರದಿದ್ದರೆ ಮಾಲಿನ ಅರ್ಧ ಬೆಲೆ, 5 ಲಕ್ಷ. ಹುಕುಮು ಕೈಸೇರಿದ 15 ದಿನದೊಳಗೆ ಕಟ್ಟದಿದ್ದರೆ ಮಾಲು ಲಿಲಾವಿಗೆ. ಬೇಗ ಕೆಡುವ ಮಾಲಿಗೆ ಅಷ್ಟು ದಿನವೂ ಸಿಗದಿರಬಹುದು. ಲಾರಿಯವನು ಆ ದಂಡ ಅಥವಾ 1 ಲಕ್ಷ, ಯಾವುದು ಕಡಿಮೆಯೋ ಅದನ್ನು ಕಟ್ಟಿ ಗಾಡಿಯಷ್ಟೇ ಬಿಡಿಸಿಕೊಂಡು ಹೋಗಬಹುದು. ಮಾಲಕ "ನಾಳೆ ಬರ್ತೇನಿ" ಎಂದು ಫೋನು ಬಂದ್ ಮಾಡಿ ಕೂತರೆ ಐದು ಪಟ್ಟು ಕಳಕೊಳ್ಳುತ್ತಾನೆ.

ಈ ಎಲ್ಲ ಗೊತ್ತಿಲ್ಲದ್ದರಿಂದಲೇ ಮೋಸಗಾರರ ಸುಗ್ಗಿ. ಗಡಹಿಂಗ್ಲಜದ ಒಬ್ಬ ಮೆಣಸಿನಕಾಯಿ ವ್ಯಾಪಾರಿಯ ಮೊಬೈಲಿಗೆ, ಕಸ್ಟಮ್ಸಿನವರು ಹಿಡಿದ ಟ್ರ್ಯಾಕ್ಟರು ಅರ್ಧ ಬೆಲೆಗೆ ಕೊಡುತ್ತಾರೆ, ಮೊದಲು 25 ಸಾವಿರ ಕಳಿಸಿರಿ ಎಂದು ಸಂದೇಶ ಬಂದಿತ್ತು. ರಾಜಮುದ್ರೆ ಇದ್ದ ಕಾಗದವೂ ಜೊತೆಗಿತ್ತು. 2019ರ ನವೆಂಬರ್ 8ರಿಂದ ಇಲಾಖೆಯ ಪತ್ರಗಳ ಮೇಲೆ ಡಿ.ಐ.ಎನ್. ಎಂಬ ಅಂಕಿ ಇರುತ್ತದೆ, ಅದನ್ನು ಇಲಾಖೆಯ ತಾಣದಲ್ಲಿ ತಾಳೆ ನೋಡಬಹುದು. ಈ ಕಾಗದದ ಮೇಲೆ ಅಂಥದ್ದೇನೂ ಇರಲಿಲ್ಲ. ಹಣ ಕೇಳಿದ್ದು ಒಬ್ಬ ಖಾಸಗಿ ಮನುಷ್ಯನ ಖಾತೆಗೆ. "ಸೋವಿ ಸಿಗತದ ಅಂತ ಅಣ್ಣತಮ್ಮರಿಗೂ ಹೇಳಿದ್ನಿರೀ" ಎಂದ ಆತ. ತಾನು ಕಳಿಸಿರಲಿಲ್ಲ, ತಮ್ಮ ಕಳಿಸಿಬಿಟ್ಟಿದ್ದ. ಕಳಿಸಿ ಇನ್ನೂ ಎರಡು ತಾಸಾಗಿರಲಿಲ್ಲ. ಅಲ್ಲೇ ಅಂಗಡಿಯಲ್ಲಿ ಕೂತು 1930ಕ್ಕೆ ಫೋನು ಹಚ್ಚಿ ದೂರು ಬರೆಸಿದೆವು, ಬ್ಯಾಂಕಿಗೂ ತಿಳಿಸಿದೆವು. ನಾನು ಅಲ್ಲಿಂದ ಹೊರಡುವ ಹೊತ್ತಿಗೆ ತಮ್ಮ ಪಾಸ್‌ಬುಕ್ಕು ಹಿಡಿದು ಬ್ಯಾಂಕಿನ ಕಡೆ ಹೋಗಿದ್ದ, ಅಣ್ಣ ಅದೇ ಸಂದೇಶವನ್ನು ಮತ್ಯಾರ್ಯಾರಿಗೆ ಕಳಿಸಿದ್ದೆನೆಂದು ಒಬ್ಬೊಬ್ಬರಿಗೇ ಫೋನು ಮಾಡುತ್ತಿದ್ದ.