ಮಾದರಿ ವಿಮಾನದ ಪುಟ್ಟ ಕೊಂಬು

ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗ ತೆರೆದುದು 1874ರಲ್ಲಿ. ಚಿತ್ತಾಪುರ, ಸೇಡಂ, ಕುರಕುಂಟಾ ಇವೆಲ್ಲ ಆ ದಾರಿಯ ನಿಲ್ದಾಣಗಳು. ಬಣ್ಣದ ದೀಪಗಳ ಸಂಕೇತ ಬರುವುದಕ್ಕೆ ಮುಂಚೆ ನಮ್ಮ ದೇಶದ ರೈಲುನಿಲ್ದಾಣಗಳ ಹೊರಗೆ ಕೈಮರಗಳು ನಿಂತಿರುತ್ತಿದ್ದುವು. ದೂರದ ಕ್ಯಾಬಿನ್ನಿನಲ್ಲಿ ಒಬ್ಬನು ಸನ್ನೆಗೋಲನ್ನು ಎಳೆದರೆ ತಂತಿ ಜಗ್ಗುತ್ತಿತ್ತು. ಕಂಬದ ಬುಡದಿಂದ ಮೇಲಕ್ಕೆ ಹೋದ ಕಬ್ಬಿಣದ ಸಲಾಕೆ ಸರಿಯುತ್ತಿತ್ತು. ಕೈಮರದ ಉದ್ದನೆಯ ಹಲಗೆ ವಾಲುತ್ತಿತ್ತು. ಆ ಸಲಾಕೆ ಹಲಗೆಯ ತುದಿಯನ್ನು ಹಿಡಿಯುತ್ತಿರಲಿಲ್ಲ, ತಿರುಗಣಿಯ ಪಕ್ಕದ ಒಂದು ಸಣ್ಣ ಭಾಗವನ್ನು ಹಿಡಿಯುತ್ತಿತ್ತು. ಸಲಾಕೆಯ ನೇರ ಚಲನೆಯನ್ನು ಹಲಗೆಯ ತಿರುಗುವ ಚಲನೆಯಾಗಿ ಮಾರ್ಪಡಿಸುವ ಕೆಲಸವೆಲ್ಲ ಆ ಸಣ್ಣ ಭಾಗದ್ದೇ.

ರೇಡಿಯೋ ನಿಯಂತ್ರಣದ ಮಾದರಿ ವಿಮಾನದಲ್ಲಿಯೂ ಇಂಥದೇ ಒಂದು ಭಾಗವಿದೆ. ಅದನ್ನು ಕಂಟ್ರೋಲ್ ಹಾರ್ನ್ ಎನ್ನುತ್ತಾರೆ. ಹಾರ್ನ್ ಎಂದರೆ ಕೊಂಬು, ಆಕಾರವೂ ಹಾಗೆಯೇ. ವಿಮಾನದ ರೆಕ್ಕೆಯ ಹಿಂದಂಚಿನಲ್ಲಿ ಐಲೆರಾನ್, ಬಾಲದಲ್ಲಿ ಎಲಿವೇಟರ್ ಮತ್ತು ರಡ್ಡರ್ ಎಂಬ ಪಟ್ಟಿಗಳು ಕೀಲುಗಳ ಮೇಲೆ ಆಡುತ್ತವೆ. ಒಡಲಿನೊಳಗೆ ಸರ್ವೋ ಎಂಬ ಪುಟ್ಟ ಮೋಟಾರು ಇದೆ. ಅದರ ತೋಳಿನಿಂದ ಹೊರಟ ಉಕ್ಕಿನ ತಂತಿ ಪಟ್ಟಿಗೆ ಬಿಗಿದ ಕೊಂಬಿನ ತೂತಿನಲ್ಲಿ ಸೇರುತ್ತದೆ. ಎರಡು ಮೂರು ಗ್ರಾಂ ಸಹ ತೂಗದ ಈ ತುಣುಕನ್ನು ಹೊಸಬರು ಅಂಟು ಹಚ್ಚಿ ಎಲ್ಲಿಯೋ ಒಂದೆಡೆ ಕೂರಿಸಿಬಿಡುವುದುಂಟು. ಆದರೆ ವಿಮಾನ ಹೇಳಿದ ಮಾತು ಕೇಳುವುದೂ ಕೇಳದಿರುವುದೂ ಬಹುಮಟ್ಟಿಗೆ ಇಲ್ಲಿಯೇ ನಿರ್ಧಾರವಾಗುತ್ತದೆ.

ಕೊಂಬಿನಲ್ಲಿ ಸಾಮಾನ್ಯವಾಗಿ ಒಂದರ ಮೇಲೊಂದರಂತೆ ಮೂರು ನಾಲ್ಕು ತೂತುಗಳಿರುತ್ತವೆ. ಯಾವುದನ್ನು ಆರಿಸಬೇಕು? ಒಂದು ಲೆಕ್ಕ ಮಾಡಿ ನೋಡೋಣ. ಸರ್ವೋ ತೋಳಿನ ಉದ್ದ 10 ಮಿ.ಮೀ. ಎಂದೂ, ಅದು ನಡುನೆಲೆಯಿಂದ ಎರಡೂ ಕಡೆಗೆ 40 ಡಿಗ್ರಿ ತಿರುಗುವುದೆಂದೂ ಇಟ್ಟುಕೊಳ್ಳೋಣ. ಆಗ ತಂತಿ ಸುಮಾರು 6.4 ಮಿ.ಮೀ. ಸರಿಯುತ್ತದೆ. ಕೀಲಿನಿಂದ 10 ಮಿ.ಮೀ. ದೂರದ ತೂತಿಗೆ ತಂತಿ ಸಿಕ್ಕಿಸಿದರೆ ಪಟ್ಟಿಯೂ 40 ಡಿಗ್ರಿ ತಿರುಗುವುದು. 15 ಮಿ.ಮೀ. ದೂರದ ತೂತಾದರೆ 25 ಡಿಗ್ರಿ, 20 ಮಿ.ಮೀ. ಆದರೆ 19 ಡಿಗ್ರಿಗೂ ಕಡಮೆ. ತಿರುಗುವ ಪ್ರಮಾಣ ಕುಗ್ಗಿದಂತೆ ಬಲ ಹೆಚ್ಚುತ್ತದೆ: ಸರ್ವೋ ಅದೇ ಆದರೂ 20 ಮಿ.ಮೀ. ತೂತಿನಲ್ಲಿ ಪಟ್ಟಿಯನ್ನು ತಿರುಗಿಸುವ ಶಕ್ತಿ 10 ಮಿ.ಮೀ. ತೂತಿನದಕ್ಕಿಂತ ಇಮ್ಮಡಿ. ಬಾಗಿಲನ್ನು ಕೀಲಿನ ಹತ್ತಿರ ಕೈಯಿಟ್ಟು ನೂಕಿ, ಆಮೇಲೆ ಅಂಚಿನಲ್ಲಿ ನೂಕಿ ನೋಡಿದರೆ ಇದು ಕೂಡಲೆ ಅರಿವಾಗುವುದು.

ಮತ್ತೊಂದು ಲಾಭವೂ ಇದೆ. ತಂತಿಗಿಂತ ತೂತು ಕೂದಲೆಳೆಯಷ್ಟು ದೊಡ್ಡದಾಗಿಯೇ ಇರುತ್ತದೆ. ಈ ಸಡಿಲು 0.2 ಮಿ.ಮೀ. ಎನ್ನೋಣ. 10 ಮಿ.ಮೀ. ದೂರದಲ್ಲಿ ಇದರಿಂದ ಪಟ್ಟಿ ಒಂದು ಡಿಗ್ರಿಗಿಂತ ಹೆಚ್ಚು ಅಲ್ಲಾಡುವುದು, 20 ಮಿ.ಮೀ. ದೂರದಲ್ಲಿ ಅದರ ಅರ್ಧ. ಒಂದು ಡಿಗ್ರಿ ಎಂದರೆ ಅಲ್ಪವೆಂದು ತೋರಬಹುದು. ಆದರೆ ವೇಗ ಏರಿದಾಗ ಸಡಿಲ ಪಟ್ಟಿ ಗಾಳಿಯಲ್ಲಿ ಪಟಪಟನೆ ಅದಿರತೊಡಗುತ್ತದೆ. ಅದಿರಿಗೆ ಗಾಳಿಯಿಂದಲೇ ಮತ್ತಷ್ಟು ಶಕ್ತಿ ದೊರೆಯುತ್ತದೆ. ಕೆಲವೇ ಕ್ಷಣಗಳಲ್ಲಿ ಪಟ್ಟಿ ಕಿತ್ತುಹೋಗಬಹುದು. ಆದುದರಿಂದ ಕಲಿಯುವವರಿಗೆ ನಮ್ಮ ಸಲಹೆ: ಕೊಂಬಿನಲ್ಲಿ ಹೊರಗಿನ ತೂತು, ಸರ್ವೋ ತೋಳಿನಲ್ಲಿ ಒಳಗಿನ ತೂತು. ಗಿರಕಿ ಹೊಡೆಸುವ ಆಸೆ ಆಮೇಲೆ ಇರಲಿ.

ಈಗ ಕೂರಿಸುವ ಕ್ರಮಕ್ಕೆ ಬರೋಣ. ಇಲ್ಲಿ ಮುಖ್ಯವಾದ ಮಾತು ಒಂದೇ. ಕೊಂಬಿನ ಪಾದ ಪಟ್ಟಿಯ ಮೇಲೆ, ಅಂದರೆ ಕೀಲಿಗಿಂತ ತುಸು ಹಿಂದೆ ಇರುತ್ತದೆ. ಆದರೆ ತೂತುಗಳು ಕೀಲಿನ ರೇಖೆಗೆ ನೇರವಾಗಿ, ಅದರ ಮೇಲೆ ಅಥವಾ ಕೆಳಗೆ ಬರಬೇಕು. ಕೊಂಬು ಮುಂದಕ್ಕೆ ಬಾಗಿರುವುದು ಇದಕ್ಕಾಗಿಯೇ. ಎಲಿವೇಟರಿನ ಕೆಳಗೆ ಬಿಗಿದ ಕೊಂಬಿನ 15 ಮಿ.ಮೀ. ತೂತು ಕೀಲಿನ ರೇಖೆಗಿಂತ 5 ಮಿ.ಮೀ. ಹಿಂದಕ್ಕೆ ಹೋಯಿತೆನ್ನೋಣ. ಮೇಲಿನ ಲೆಕ್ಕದಂತೆ ಎರಡೂ ಕಡೆಗೆ 25 ಡಿಗ್ರಿ ಬರಬೇಕಾದುದು ಮೇಲಕ್ಕೆ ಸುಮಾರು 28, ಕೆಳಕ್ಕೆ ಸುಮಾರು 23.5 ಆಗುತ್ತದೆ. ಕಡ್ಡಿಯನ್ನು ಎರಡೂ ಕಡೆಗೆ ಒಂದೇ ಸಮನೆ ಸರಿಸಿದರೂ ವಿಮಾನ ಬೇರೆ ಬೇರೆಯಾಗಿ ಉತ್ತರ ಕೊಡುತ್ತದೆ. (ಐಲೆರಾನುಗಳಲ್ಲಿ ಈ ಅಸಮತೆಯನ್ನು ಬಲ್ಲವರು ಬೇಕೆಂದೇ ತರುವುದುಂಟು. ಕೆಳಗಿಳಿದ ಐಲೆರಾನ್ ಮೂತಿಯನ್ನು ತಿರುವಿಗೆ ವಿರುದ್ಧವಾಗಿ ಎಳೆಯುತ್ತದೆ. ಅದನ್ನು ಕಡಮೆ ಇಳಿಸಿ, ಇನ್ನೊಂದನ್ನು ಹೆಚ್ಚು ಏರಿಸುತ್ತಾರೆ.)

ಮೊದಲು ತಂತಿ ಹಾಯುವ ದಾರಿಯನ್ನು ಪಟ್ಟಿಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಕೊಂಬನ್ನು ಆ ಗೆರೆಯ ಮೇಲೆಯೇ ನಿಲ್ಲಿಸಬೇಕು. ಓರೆಯಾದರೆ ತಂತಿ ಉಜ್ಜಿಕೊಂಡು ಸರ್ವೋ ತಿಣುಕುತ್ತದೆ. ತಿರುಪಿನ ತೂತುಗಳನ್ನು ಕೊರೆದ ಮೇಲೆ, ಬಾಲ್ಸಾ ಮರವಾದರೆ ಅವುಗಳೊಳಗೆ ತೆಳುವಾದ ಶೀಘ್ರಾಂಟಿನ ಎರಡು ಹನಿ ಬಿಟ್ಟು ಒಣಗಿಸುವುದು ಒಳ್ಳೆಯದು. ಬಾಲ್ಸಾ ಬಲು ಮೃದು. ಪಟ್ಟಿಯ ಮತ್ತೊಂದು ಮೈಗೆ ಬೆಂಬಲದ ಬಿಲ್ಲೆಯನ್ನಿಟ್ಟು ತಿರುಪುಗಳನ್ನು ಬಿಗಿಯಬೇಕು. ಮರ ಜಜ್ಜುವಷ್ಟು ಬಿಗಿದರೆ ಅಲ್ಲಿಯೇ ಸಡಿಲಿಗೆ ಆರಂಭ. ಅಂಗಡಿಯ ಕೊಂಬು ದೊರೆಯದ ಊರಿನಲ್ಲಿ ಹಾಳಾದ ರೇಡಿಯೋದ ಗಟ್ಟಿ ಸರ್ಕ್ಯೂಟ್ ಹಲಗೆಯನ್ನು ಕತ್ತರಿಸಿ, ಅರದಿಂದ ಉಜ್ಜಿ ಕೊಂಬು ಮಾಡಿಕೊಳ್ಳಬಹುದು. ಅದರ ಧೂಳು ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳುವುದನ್ನು ಮರೆಯಬಾರದು.

ಎನ್.ಸಿ.ಸಿ.ಯ ವಾಯು ವಿಭಾಗದಲ್ಲಿ ಮಾದರಿ ವಿಮಾನ ಕಟ್ಟುವುದೂ ಶಿಕ್ಷಣದ ಒಂದು ಭಾಗವಾಗಿದೆ. ಆ ವಿಭಾಗದ ಅಖಿಲ ಭಾರತ ಶಿಬಿರಗಳು ಬೆಂಗಳೂರಿನ ಜಕ್ಕೂರಿನಲ್ಲಿಯೂ ನಡೆದಿವೆ. ಇಂತಹ ಮೈದಾನಗಳಲ್ಲಿ ಅನುಭವಿಗಳು ವಿಮಾನವನ್ನು ಬಿಡುವ ಮುನ್ನ ಅದರ ಬಾಲದ ಹಿಂದೆ ನಿಂತು ಕಡ್ಡಿಗಳನ್ನು ಒಂದೊಂದಾಗಿ ಆಡಿಸುವುದನ್ನು ಕಾಣಬಹುದು. ಕೊಂಬು ಪಟ್ಟಿಯ ಮೇಲಿದೆಯೋ ಕೆಳಗಿದೆಯೋ ಎಂಬುದರಿಂದಲೇ ದಿಕ್ಕು ತಿರುವುಮುರುವಾಗುವುದರಿಂದ ಈ ಪರೀಕ್ಷೆ ಅಗತ್ಯ. ದೊಡ್ಡ ವಿಮಾನಗಳೂ ಈ ತಪ್ಪಿಗೆ ಹೊರತಲ್ಲ. 1947ರ ಆಗಸ್ಟ್ 23ರಂದು ಇಂಗ್ಲೆಂಡಿನ ವುಡ್‌ಫರ್ಡಿನಲ್ಲಿ ಆವ್ರೋ ಟ್ಯೂಡರ್ ವಿಮಾನವೊಂದು ಮೇಲೇಳುತ್ತಿದ್ದಂತೆಯೇ ನೆಲಕ್ಕೆ ಬಿತ್ತು. ಐಲೆರಾನುಗಳ ಜೋಡಣೆ ಅದಲುಬದಲಾಗಿತ್ತು. ಒಂದು ಕಡೆಗೆ ತಿರುಗಿಸಿದರೆ ಅದು ಇನ್ನೊಂದು ಕಡೆಗೆ ವಾಲಿತು. ಲ್ಯಾಂಕಾಸ್ಟರ್ ವಿಮಾನವನ್ನು ರೂಪಿಸಿದ ರಾಯ್ ಚಾಡ್ವಿಕ್ ಆ ದಿನ ಅದರೊಳಗಿದ್ದು ಮಡಿದರು.

ಆದುದರಿಂದ ತೊಗರಿ ಕೊಯ್ದು ಬಯಲಾದ ಹೊಲಕ್ಕೆ ವಿಮಾನವನ್ನು ಒಯ್ದಾಗ ಮೊದಲು ಅದರ ಹಿಂದೆ ನಿಲ್ಲಬೇಕು. ಎಲಿವೇಟರ್ ಕಡ್ಡಿಯನ್ನು ನಮ್ಮೆಡೆಗೆ ಎಳೆದರೆ ಎಲಿವೇಟರಿನ ಹಿಂದಂಚು ಮೇಲೇಳಬೇಕು. ಐಲೆರಾನ್ ಕಡ್ಡಿಯನ್ನು ಬಲಕ್ಕೆ ಸರಿಸಿದರೆ ಬಲ ಐಲೆರಾನ್ ಮೇಲಕ್ಕೆ, ಎಡದ್ದು ಕೆಳಕ್ಕೆ. ರಡ್ಡರಿನ ಕಡ್ಡಿಯನ್ನು ಬಲಕ್ಕೆ ಸರಿಸಿದರೆ ಅದರ ಹಿಂದಂಚೂ ಬಲಕ್ಕೆ. ಕೊನೆಗೆ ಪ್ರತಿಯೊಂದು ಪಟ್ಟಿಯನ್ನೂ ಬೆರಳಿನಿಂದ ಮೆಲ್ಲಗೆ ಅಲ್ಲಾಡಿಸಿ ನೋಡಬೇಕು. ಕೊಂಬು ಕಟಕಟ ಸದ್ದು ಮಾಡಿದರೆ ಆ ದಿನ ಹಾರಾಟ ಬೇಡ.