ತುರ್ತು ಬರುವ ಮೊದಲೇ ಕಾರ್ಡ್ ಮನೆಗೆ ಬರಲಿ

ಎದೆನೋವು, ಪಾರ್ಶ್ವವಾಯು, ಅಪಘಾತ ಹೇಳಿ ಬರುವುದಿಲ್ಲ. ಬಂದಾಗ ಮನೆಯವರಿಗೆ ಎರಡು ಚಿಂತೆ ಒಟ್ಟಿಗೇ ಹತ್ತುತ್ತವೆ: ರೋಗಿ ಉಳಿಯುತ್ತಾರೆಯೇ? ಹಣ ಎಲ್ಲಿಂದ ತರುವುದು? ಎರಡನೆಯ ಚಿಂತೆಯಲ್ಲಿ ರೋಗಿಯ ಸಮಯ ಸೋರಿಹೋಗುವುದನ್ನು ಕೆಲಗೇರಿಯಲ್ಲಿ ಯುನಾನಿ ವೈದ್ಯವೃತ್ತಿ ನಡೆಸುತ್ತಿರುವ ನಾನು ಹಲವು ಸಲ ನೋಡಿದ್ದೇನೆ. ಚಿನ್ನ ಅಡವಿಡಲು, ಸಂಬಂಧಿಕರಿಗೆ ಫೋನ್ ಮಾಡಲು ಹೋದ ಒಂದು ಗಂಟೆಯನ್ನು ಮುಂದೆ ಯಾವ ವೈದ್ಯರೂ ಹಿಂದಕ್ಕೆ ತಂದುಕೊಡಲಾರರು.

ತುರ್ತು ವಿಭಾಗದಲ್ಲಿ ನಡೆಯುವುದೇನು?

ತುರ್ತು ಚಿಕಿತ್ಸೆಯು ನಮ್ಮ ದೇಶದಲ್ಲಿ ಪ್ರತ್ಯೇಕ ಸ್ನಾತಕೋತ್ತರ ವಿಷಯವಾಗಿ ಮಾನ್ಯತೆ ಪಡೆದದ್ದು 2009ರಲ್ಲಿ. ಈ ವೈದ್ಯರು ಸರದಿ ನೋಡುವುದಿಲ್ಲ, ಅಪಾಯ ನೋಡುತ್ತಾರೆ. ಕೈ ಮುರಿದವರು ಮೊದಲು ಬಂದಿದ್ದರೂ, ನಂತರ ಬಂದ ಉಸಿರುಗಟ್ಟಿದವರನ್ನೇ ಮೊದಲು ಒಳಗೆ ಕರೆಯುತ್ತಾರೆ. ಇದಕ್ಕಾಗಿ ಜಗಳವಾಡಬೇಡಿ. ಮೊದಲು ಶ್ವಾಸದ ದಾರಿ, ನಂತರ ಉಸಿರಾಟ, ಆಮೇಲೆ ರಕ್ತಸಂಚಾರ ಎಂಬುದು ಅವರ ಕ್ರಮ. ಎದೆನೋವಿನವರಿಗೆ ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಬಾಯಿ ಸೊಟ್ಟಗಾಗಿ, ಕೈ ಬಲ ಕಳೆದು, ಮಾತು ತೊದಲಿದವರಿಗೆ ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಲಕ್ಷಣ ಕಾಣಿಸಿದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿಟಿ ಸ್ಕ್ಯಾನ್ ಆಗಬೇಕು.

ನೀವು ಅವರಿಗೆ ಹೇಳಬೇಕಾದದ್ದು ಮೂರೇ ಸಂಗತಿ: ತೊಂದರೆ ಶುರುವಾದದ್ದು ಎಷ್ಟು ಗಂಟೆಗೆ, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇದೆಯೇ, ಸದ್ಯ ಯಾವ ಔಷಧಿ ನಡೆದಿದೆ. ಹಕೀಮರ ಔಷಧಿಯನ್ನೂ ಮುಚ್ಚಿಡದೆ ಹೇಳಿ.

ಹೃದಯಕ್ಕೆ ಬಲ ಕೊಡುವ ಖಮೀರಾಗಳು ನಮ್ಮ ಪದ್ಧತಿಯಲ್ಲಿವೆ. ಆದರೆ ರಕ್ತನಾಳ ಕಟ್ಟಿಕೊಂಡ ಗಳಿಗೆಗೆ ಅವು ಮದ್ದಲ್ಲ. ಎದೆ ಹಿಂಡಿದಂತಾಗಿ ಬೆವರು ಬಂದರೆ "ಗ್ಯಾಸ್ ಇರಬಹುದು" ಎಂದು ಬೆಳಗಾಗುವುದನ್ನು ಕಾಯಬೇಡಿ, ನನ್ನ ಬಾಗಿಲಿಗೂ ಬರಬೇಡಿ. 108ಕ್ಕೆ ಕರೆ ಮಾಡಿ. 2008ರ ನವೆಂಬರ್‌ನಿಂದ ರಾಜ್ಯದಲ್ಲಿ ನಡೆದಿರುವ ಈ ಆಂಬುಲೆನ್ಸ್ ಸೇವೆ ಉಚಿತ. ನಮ್ಮ ಕೆಲಗೇರಿಯವರಿಗೆ ಧಾರವಾಡದ ಜಿಲ್ಲಾ ಆಸ್ಪತ್ರೆ ಹತ್ತಿರ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಅಲ್ಲಿಂದ ಮುಂದೆ ಸುಮಾರು 20 ಕಿಲೋಮೀಟರ್.

ಹಣವಿಲ್ಲದಿದ್ದರೆ?

ಪ್ರಾಣಾಪಾಯದಲ್ಲಿರುವವರಿಗೆ ಕೂಡಲೇ ಚಿಕಿತ್ಸೆ ಕೊಡುವುದು ಸರಕಾರಿ, ಖಾಸಗಿ ಎಂಬ ಭೇದವಿಲ್ಲದೆ ಪ್ರತಿ ವೈದ್ಯರ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಕಾರ್ಡ್ ಇಲ್ಲವೆಂದು ಹೊರಡಲು ತಡಮಾಡಬೇಡಿ. ಆದರೆ ಜೀವ ಉಳಿದ ಮೇಲೆ ಬಿಲ್ಲು ಬರುತ್ತದೆ. ಕಾರ್ಡ್ ಬೇಕಾಗುವುದು ಅಲ್ಲಿ.

ಕರ್ನಾಟಕದಲ್ಲಿ 2018ರ ಮಾರ್ಚ್‌ನಲ್ಲಿ ಆರಂಭವಾದ ಆರೋಗ್ಯ ಕರ್ನಾಟಕ ಯೋಜನೆಯನ್ನು ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತದೊಂದಿಗೆ ಸೇರಿಸಲಾಯಿತು. ಬಿಪಿಎಲ್ ಪಡಿತರ ಚೀಟಿಯ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಎಪಿಎಲ್‌ನವರಿಗೆ ಯೋಜನೆ ನಿಗದಿ ಮಾಡಿದ ದರದ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ, ಸರಕಾರ ಭರಿಸುತ್ತದೆ. ಈ ಮೊತ್ತ ತಲೆಗೆ ಇಷ್ಟೆಂದಲ್ಲ, ಇಡೀ ಕುಟುಂಬಕ್ಕೆ ಸೇರಿ.

ಸಾಮಾನ್ಯವಾಗಿ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲದಿದ್ದರೆ ಅವರ ಶಿಫಾರಸು ಪತ್ರ ಹಿಡಿದು ಖಾಸಗಿಗೆ ಹೋಗಬೇಕು. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಈ ಪತ್ರ ಬೇಡ. ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ನೇರ ಹೋಗಬಹುದು. ಅಲ್ಲಿ 'ಆರೋಗ್ಯಮಿತ್ರ'ರ ಮೇಜು ಎಲ್ಲಿದೆ ಎಂದು ಕೇಳಿ, ದಾಖಲಾದ ಕೂಡಲೇ ಹೆಸರು ಬರೆಸಿ. ಹೊರರೋಗಿಯಾಗಿ ತೋರಿಸಿಕೊಳ್ಳುವ ನೆಗಡಿ, ಜ್ವರ ಇದರಲ್ಲಿ ಬರುವುದಿಲ್ಲ.

'ವಿಮೆ' ಎಂಬ ಅನುಮಾನ

"ಇದು ವಿಮೆ, ನಮಗೆ ಬೇಡ" ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. ವಿಮೆಯಲ್ಲಿರುವ ಬಡ್ಡಿ ಮತ್ತು ಅನಿಶ್ಚಿತತೆಯ ಬಗ್ಗೆ ಅವರಿಗಿರುವ ಎಚ್ಚರ ಗೌರವಕ್ಕೆ ಅರ್ಹ. ಅವರಿಗೆ ಈ ಯೋಜನೆಯ ರೀತಿಯನ್ನು ವಿವರಿಸಿ: ನೀವು ಕಂತು ಕಟ್ಟುವುದಿಲ್ಲ, ನಡುವೆ ವಿಮಾ ಕಂಪನಿ ಇಲ್ಲ. ಸರಕಾರದ ಹಣವನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಆಸ್ಪತ್ರೆಗೆ ಪಾವತಿಸುತ್ತದೆ. ಆದರೂ ಸಂಶಯ ಉಳಿದರೆ ನೀವು ನಂಬುವ ಆಲಿಮರನ್ನು ಕೇಳಿ. ಕೇಳುವುದನ್ನು ಮಾತ್ರ ಆಸ್ಪತ್ರೆಯ ಬಾಗಿಲಿನವರೆಗೆ ಮುಂದೂಡಬೇಡಿ.

ಹೆಸರಿನ ತೊಡಕು

ನಮ್ಮ ಮನೆಗಳಲ್ಲಿ ಕಾರ್ಡ್ ತಡವಾಗುವುದು ಹೆಚ್ಚಾಗಿ ಹೆಸರಿನಿಂದ. ಆಧಾರ್‌ನಲ್ಲಿ ಫಾತಿಮಾ ಬೇಗಂ, ಪಡಿತರ ಚೀಟಿಯಲ್ಲಿ ಫಾತಿಮಾಬಿ. ಒಂದರಲ್ಲಿ ಮೊಹಮ್ಮದ್ ಗೌಸ್, ಇನ್ನೊಂದರಲ್ಲಿ ಮಹಮ್ಮದಗೌಸ, ಮುಂದೆ ಅಡ್ಡಹೆಸರು ಒಮ್ಮೆ ಇದೆ, ಒಮ್ಮೆ ಇಲ್ಲ. ಮದುವೆಯಾಗಿ ಬಂದ ಸೊಸೆಯ ಹೆಸರು ತವರಿನ ಚೀಟಿಯಲ್ಲೇ ಉಳಿದಿರುತ್ತದೆ, ಮೊಮ್ಮಗುವಿನ ಹೆಸರು ಯಾವುದರಲ್ಲೂ ಇರುವುದಿಲ್ಲ. ದುಡಿದು ಬೆರಳಚ್ಚು ಸವೆದ ಅಬ್ಬಾನಿಗೆ ಯಂತ್ರ ಒಪ್ಪುವುದಿಲ್ಲ, ಓಟಿಪಿ ಬರಬೇಕಾದ ಮೊಬೈಲ್ ನಂಬರ್ ಎಂದೋ ಬದಲಾಗಿದೆ. ಇವೆಲ್ಲ ಶಾಂತವಾದ ದಿನದಲ್ಲಿ ಒಂದೆರಡು ಅಲೆದಾಟದ ಕೆಲಸ. ತೀವ್ರ ನಿಗಾ ಘಟಕದ ಹೊರಗೆ ಅವೇ ಬೆಟ್ಟವಾಗುತ್ತವೆ.

ಈ ವಾರ ಮಾಡಬೇಕಾದದ್ದು

• ಮನೆಮಂದಿಯೆಲ್ಲರ ಆಧಾರ್ ಮತ್ತು ಪಡಿತರ ಚೀಟಿಯನ್ನು ಪಕ್ಕಪಕ್ಕ ಇಟ್ಟು ಹೆಸರು ಹೋಲಿಸಿ. ವ್ಯತ್ಯಾಸವಿದ್ದರೆ ತಿದ್ದಿಸಿ.
• ಆಧಾರ್‌ಗೆ ಈಗಿನ ಮೊಬೈಲ್ ನಂಬರ್ ಜೋಡಿಸಿ.
• ಎರಡೂ ದಾಖಲೆಗಳೊಂದಿಗೆ ಕರ್ನಾಟಕ ಒನ್, ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಕಾರ್ಡ್ ಮಾಡಿಸಿ. ಅಮ್ಮಿಯನ್ನೂ ಹೆಣ್ಣುಮಕ್ಕಳನ್ನೂ ಬಿಡಬೇಡಿ.
• ಹತ್ತಿರದ ಯಾವ ಆಸ್ಪತ್ರೆಗಳು ಯೋಜನೆಯಲ್ಲಿವೆ ಎಂದು 104 ಅಥವಾ 14555ಕ್ಕೆ ಕರೆ ಮಾಡಿ ಕೇಳಿ, ಬರೆದಿಡಿ.
• ಕಾರ್ಡ್, ದಾಖಲೆಗಳ ನಕಲು ಮತ್ತು ಔಷಧಿ ಚೀಟಿಗಳನ್ನು ಒಂದೇ ಚೀಲದಲ್ಲಿ, ಎಲ್ಲರಿಗೂ ಗೊತ್ತಿರುವ ಜಾಗದಲ್ಲಿ ಇಡಿ.

ಮೊಹಲ್ಲಾದ ಓದಿದ ಯುವಕ ಯುವತಿಯರಿಗೆ ಒಂದು ಮಾತು. ಜುಮಾ ನಮಾಝಿನ ನಂತರ ಮಸೀದಿಯ ಅಂಗಳದಲ್ಲಿ ಒಂದು ಗಂಟೆ ಕುಳಿತು ಹಿರಿಯರ ದಾಖಲೆ ನೋಡಿಕೊಡಿ. ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ವಿಧವೆಯರ, ಒಂಟಿ ತಾಯಂದಿರ ಕಾಗದ ಸರಿಮಾಡಿಸಿ. ಯಾರದೋ ಮನೆಯ ಬಳೆ ಅಡವಿಗೆ ಹೋಗುವುದು ಅಷ್ಟರಿಂದಲೇ ತಪ್ಪೀತು.