ಬಾಟಲಿಯ ಬಾಯಿಗೆ ಯಾವ ಬಿರಡೆ?

ಪೋರ್ಚುಗಲ್ ದೇಶದ ಆಗುವಾಸ್ ದೆ ಮೌರಾ ಎಂಬ ಊರಿನಲ್ಲಿ, 1783ರಲ್ಲಿ ನೆಟ್ಟದ್ದೆನ್ನಲಾದ ಕಾರ್ಕ್ ಓಕ್ ಮರವೊಂದಿದೆ. ಕೊಂಬೆಗಳ ತುಂಬ ಹಕ್ಕಿಗಳ ಕಲರವ ಇರುವುದರಿಂದ ಅದಕ್ಕೆ ‘ಸಿಳ್ಳೆಗಾರ’ ಎಂದೇ ಹೆಸರು. 1991ರಲ್ಲಿ ಅದರ ತೊಗಟೆ ಸುಲಿದಾಗ ಸಿಕ್ಕಿದ್ದು 1,200 ಕಿಲೋ. ಅಷ್ಟರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವೈನ್ ಬಾಟಲಿಗಳಿಗೆ ಬಿರಡೆ ಆಯಿತು. ಬೇರೆ ಮರವಾದರೆ ಸುತ್ತಲೂ ತೊಗಟೆ ಎಬ್ಬಿಸಿದರೆ ಒಣಗಿಹೋಗುತ್ತದೆ. ಕಾರ್ಕ್ ಓಕ್ ಒಣಗುವುದಿಲ್ಲ. ಸುಲಿಯುವವರು ತೆಗೆಯುವುದು ಹೊರಗಿನ ಸತ್ತ ಪದರವನ್ನು ಮಾತ್ರ; ಆಹಾರ ಸಾಗಿಸುವ ಒಳತೊಗಟೆಗೆ ಕೊಡಲಿ ತಾಗದಂತೆ ನೋಡಿಕೊಳ್ಳುತ್ತಾರೆ. ಪದರ ಮತ್ತೆ ಬೆಳೆಯುತ್ತದೆ.

ಮರಕ್ಕೆ 25 ವರ್ಷವಾದ ಮೇಲೆ ಮೊದಲ ಸುಲಿತ, ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಮೊದಲ ಎರಡು ಸಲದ ತೊಗಟೆ ಒರಟು, ಬಿರಡೆಗೆ ಒದಗದು. ಎಂದರೆ ಸಸಿ ನೆಟ್ಟವರು ಒಳ್ಳೆಯ ಬಿರಡೆಗಾಗಿ 40 ವರ್ಷಕ್ಕೂ ಹೆಚ್ಚು ಕಾಯಬೇಕು. ಇಷ್ಟು ತಾಳ್ಮೆ ಬೇಡುವ ವಸ್ತುವಿನ ಜಾಗಕ್ಕೆ ಈಗ ಅಲ್ಯೂಮಿನಿಯಂ, ಪ್ಲಾಸ್ಟಿಕ್, ಗಾಜು ಬಂದು ಕೂತಿವೆ. ಯಾವುದು ಮೇಲು ಎಂಬ ಜಗಳವನ್ನು ಹೆಚ್ಚಿನವರು ಸಂಪ್ರದಾಯದ ಹೆಸರಿನಲ್ಲಿ ಆಡುತ್ತಾರೆ. ನಿಜವಾಗಿ ಅದು ಆಮ್ಲಜನಕದ ಲೆಕ್ಕ.

ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸೂಕ್ಷ್ಮದರ್ಶಕದಡಿ ಕಂಡ ಕೋಶಗಳ ಚಿತ್ರ ಬರೆದದ್ದು ಇದೇ ಕಾರ್ಕಿನದು. ಜೇನುಹುಟ್ಟಿನಂತೆ ಒತ್ತೊತ್ತಾಗಿ ಕೂತ ಕೋಶಗಳು, ಒಳಗೆಲ್ಲ ಗಾಳಿ, ಗೋಡೆಗಳಿಗೆ ನೀರು ಬಿಡದ ಸುಬೆರಿನ್ ಎಂಬ ಮೇಣದಂಥ ವಸ್ತು. ಒಂದು ಬಿರಡೆಯಲ್ಲಿ ಇಂಥ ಸುಮಾರು 80 ಕೋಟಿ ಕೋಶಗಳಿರುತ್ತವೆ. 24 ಮಿಲಿಮೀಟರ್ ದಪ್ಪದ ಬಿರಡೆಯನ್ನು ಹಿಸುಕಿ 18.5 ಮಿಲಿಮೀಟರಿನ ಕತ್ತಿಗೆ ಇಳಿಸಿದರೂ ಅದು ಉದ್ದಕ್ಕೆ ಹಿಗ್ಗುವುದಿಲ್ಲ. ಕೋಶದ ಗೋಡೆಗಳು ಮಡಿಚಿಕೊಂಡು ಗಾಜನ್ನು ಒತ್ತಿ ಹಿಡಿಯುತ್ತವೆ. ಹೀಗೆ ಅಮುಕಿದಾಗ ಕೋಶಗಳೊಳಗಿನ ಗಾಳಿ ಮೊದಲ ಕೆಲವು ತಿಂಗಳು ಮೆಲ್ಲಗೆ ವೈನಿಗೆ ಸೇರುತ್ತದೆ. ಕೆಂಪು ವೈನಿನ ಒಗರು ಹದವಾಗಲು ಅಷ್ಟು ಆಮ್ಲಜನಕ ಬೇಕು. ಹೆಚ್ಚಾದರೆ ವೈನ್ ಕಂದುಬಣ್ಣಕ್ಕೆ ತಿರುಗಿ ಸಪ್ಪೆಯಾಗುತ್ತದೆ.

ತೊಂದರೆ ಎಂದರೆ, ತೊಗಟೆ ಮರದ್ದು, ಒಂದರಂತೆ ಇನ್ನೊಂದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಟಿಸಿಎ, ಅಂದರೆ ಟ್ರೈಕ್ಲೋರೋಅನಿಸೋಲ್. ಕ್ಲೋರಿನ್ ಸೇರಿದ ಫೀನಾಲುಗಳನ್ನು ಶಿಲೀಂಧ್ರಗಳು ಅರಗಿಸುವಾಗ ಹುಟ್ಟುವ ಸಂಯುಕ್ತ ಇದು. ವೈನಿಗೆ ಒದ್ದೆ ರಟ್ಟಿನ ಮುಗ್ಗಲು ವಾಸನೆ ತರುತ್ತದೆ. ಸ್ವಿಟ್ಜರ್ಲೆಂಡಿನ ರಸಾಯನವಿಜ್ಞಾನಿಗಳು 1980ರ ದಶಕದ ಆರಂಭದಲ್ಲಿ ಇದನ್ನು ಗುರುತಿಸಿದರು. ಒಂದು ಲೀಟರಿಗೆ ಒಂದು ಗ್ರಾಮಿನ ನೂರು ಕೋಟಿ ಪಾಲಿನಲ್ಲಿ ಐದು ಪಾಲು ಬಿದ್ದರೂ ಮೂಗಿಗೆ ತಿಳಿಯುತ್ತದೆ. ಅಷ್ಟೂ ಇಲ್ಲದಿದ್ದಾಗ ನಡೆಯುವುದು ಇನ್ನೂ ವಿಚಿತ್ರ: ವಾಸನೆ ಗ್ರಹಿಸುವ ನರಕೋಶಗಳ ಅಯಾನು ದ್ವಾರಗಳನ್ನೇ ಟಿಸಿಎ ಅಡಗಿಸುತ್ತದೆ ಎಂದು ಒಸಾಕಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ತೋರಿಸಿದರು. ಕೆಟ್ಟ ವಾಸನೆ ಬಾರದೆ, ಇರುವ ಪರಿಮಳವೂ ಕುಂದುತ್ತದೆ. ಕುಡಿದವರು ದೂರುವುದು ಬಿರಡೆಯನ್ನಲ್ಲ, ದ್ರಾಕ್ಷಿ ಬೆಳೆದವರನ್ನು.

ಇದರಿಂದ ಬೇಸತ್ತ ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ, ರೀಸ್ಲಿಂಗ್ ಎಂಬ ಬಿಳಿ ವೈನಿನ ತಯಾರಕರು 2000ದಲ್ಲಿ ಒಟ್ಟಾಗಿ ತಿರುಪು ಮುಚ್ಚಳಕ್ಕೆ ಹೋದರು. ಮರುವರ್ಷ ನ್ಯೂಜಿಲೆಂಡಿನವರೂ ಹೊರಟರು. ಇಂದು ಅಲ್ಲಿನ ಬಾಟಲಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ತಿರುಪಿನವೇ. ಅದೇ ಕ್ಲೇರ್ ಕಣಿವೆಯ 1999ರ ಒಂದೇ ಬಿಳಿ ವೈನನ್ನು ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆ 14 ಬಗೆಯ ಮುಚ್ಚಳಗಳಲ್ಲಿ ಇಟ್ಟು ಪರೀಕ್ಷಿಸಿತು. ಪ್ಲಾಸ್ಟಿಕ್ ಬಿರಡೆಯವು ಬೇಗ ಬಣ್ಣಗೆಟ್ಟವು. ಕಾರ್ಕಿನವು ಬಾಟಲಿಯಿಂದ ಬಾಟಲಿಗೆ ಬೇರೆಯಾದವು. ತಾಜಾತನ ಚೆನ್ನಾಗಿ ಉಳಿದದ್ದು ತಿರುಪು ಮುಚ್ಚಳದಲ್ಲಿ. ಅಲ್ಯೂಮಿನಿಯಂ ಕವಚ ಬರೀ ಹಿಡಿತಕ್ಕೆ. ಗಾಳಿ ತಡೆಯುವುದು ಒಳಗಿನ ತವರ ಮತ್ತು ಪ್ಲಾಸ್ಟಿಕ್ಕಿನ ತೆಳು ಬಿಲ್ಲೆ. ಆದರೆ ಅದೇ ಬಾಟಲಿಗಳಲ್ಲಿ ಸ್ವಲ್ಪ ರಬ್ಬರಿನ ವಾಸನೆಯೂ ಕಂಡಿತು. ಆಮ್ಲಜನಕ ತೀರ ಕಡಿಮೆಯಾದರೆ ಗಂಧಕದ ಸಂಯುಕ್ತಗಳು ತಲೆಯೆತ್ತುತ್ತವೆ. ಈಗ ಎಷ್ಟು ಗಾಳಿ ಬಿಡಬೇಕೋ ಅಷ್ಟಕ್ಕೆ ಹೊಂದುವ ಬಿಲ್ಲೆಗಳನ್ನೇ ಮಾಡುತ್ತಾರೆ.

ಗಾಜಿನ ಬಿರಡೆ ಚೆಂದ, ದುಬಾರಿ.

ಕಾರ್ಕಿನವರೂ ಸುಮ್ಮನೆ ಕೂರಲಿಲ್ಲ. ತೊಗಟೆಯನ್ನು ಕಾಳುಕಾಳಾಗಿ ಪುಡಿಮಾಡಿ, ದ್ರವವೂ ಅಲ್ಲದ ಅನಿಲವೂ ಅಲ್ಲದ ಸ್ಥಿತಿಗೆ ಒತ್ತಡದಲ್ಲಿ ತಂದ ಇಂಗಾಲದ ಡೈಆಕ್ಸೈಡಿನಿಂದ ಟಿಸಿಎ ತೊಳೆದು, ಮತ್ತೆ ಅಂಟಿಸಿ ಬಿರಡೆ ಮಾಡುತ್ತಾರೆ. ಕಾಫಿಬೀಜದಿಂದ ಕೆಫೀನ್ ತೆಗೆಯಲು ಬಳಸುವ ವಿಧಾನವೇ ಇದು. ಈ ಬಗೆಯ ಬಿರಡೆಗಳು ಒಂದರಂತೆ ಒಂದು ಇರುತ್ತವೆ.

ವರ್ಷದೊಳಗೆ ಕುಡಿದು ಮುಗಿಸುವ ಬಿಳಿ ವೈನಿಗೆ ತಿರುಪು ಮುಚ್ಚಳವೇ ಸರಿ ಎಂದು ನನ್ನ ತೀರ್ಮಾನ. ಹತ್ತಾರು ವರ್ಷ ಮಲಗಿಸಿಡುವ ಕೆಂಪು ವೈನಿಗೆ ಒಂದೊಂದನ್ನೂ ಪರೀಕ್ಷಿಸಿ ಆರಿಸಿದ ಕಾರ್ಕ್ ಈಗಲೂ ಬೇಕು. ಇದು ರುಚಿಯ ಮಾತು ಮಾತ್ರವಲ್ಲ. ಪೋರ್ಚುಗಲ್ಲಿನ ಅಲೆಂತೆಜೊ ಪ್ರಾಂತದ ಓಕ್ ಕಾಡುಗಳು ತಾವಾಗಿ ಉಳಿದವಲ್ಲ. ಜನ ತೊಗಟೆ ಸುಲಿದು, ಮರದಡಿ ಹಂದಿ ಕುರಿ ಮೇಯಿಸಿ ಕಾಪಾಡಿಕೊಂಡು ಬಂದವು. ಐಬೀರಿಯಾದ ಲಿಂಕ್ಸ್ ಬೆಕ್ಕಿಗೂ ಸಾಮ್ರಾಟ್ ಹದ್ದಿಗೂ ಅಲ್ಲಿ ನೆಲೆಯಿದೆ. ಅನುಮತಿಯಿಲ್ಲದೆ ಮರ ಕಡಿಯುವುದನ್ನು ಪೋರ್ಚುಗಲ್ ಕಾನೂನು ತಡೆಯುತ್ತದೆ. ಆದರೆ ಒಣಗಿದ ಮರದ ಜಾಗದಲ್ಲಿ ಹೊಸ ಸಸಿ ನೆಡಿ ಎಂದು ಯಾರನ್ನೂ ಒತ್ತಾಯಿಸಲಾಗದು. 40 ವರ್ಷ ಕಾದ ಮೇಲೆ ತೊಗಟೆ ಕೊಳ್ಳುವವರು ಇರುತ್ತಾರೆಂಬ ನಂಬಿಕೆ ಇದ್ದರೆ ಮಾತ್ರ ರೈತ ನೆಡುತ್ತಾನೆ.